ಕುಷ್ಠ: ಮದ್ದು ಸಿಕ್ಕಿದರೂ ಅಳಿಯದ ಗೆರೆ

ಪೀಣ್ಯದಿಂದ ರಿಂಗ್ ರೋಡ್ ಹಿಡಿದು ಮಾಗಡಿ ರಸ್ತೆ ಕಡೆ ಬಂದರೆ ಸುಮನಹಳ್ಳಿ. ಕುಷ್ಠ ರೋಗಿಗಳ ಪುನರ್ವಸತಿಗೆ ಕಟ್ಟಿದ ಕೇಂದ್ರ ಇಲ್ಲಿದೆ. ಪೀಣ್ಯದಲ್ಲಿ ಕಾರ್ಖಾನೆಗಳು ಎದ್ದ 1970ರ ದಶಕದಲ್ಲೇ, ಸರ್ಕಾರ ಕೊಟ್ಟ ಜಾಗದಲ್ಲಿ ಕ್ಯಾಥೊಲಿಕ್ ಸಭೆ ಇದನ್ನು ಶುರು ಮಾಡಿತು. ಪಕ್ಕದಲ್ಲೇ ಭಿಕ್ಷುಕರ ಕಾಲೊನಿ. ಭಿಕ್ಷೆ ಬೇಡುವುದನ್ನು ಅಪರಾಧ ಮಾಡಿದ ನಮ್ಮ ರಾಜ್ಯದ ಕಾನೂನು 1975ರದ್ದು. ಕಾರ್ಖಾನೆ, ಭಿಕ್ಷುಕ, ಕುಷ್ಠರೋಗಿ ಮೂವರಿಗೂ ನಗರ ತೋರಿಸಿದ್ದು ಊರಾಚೆ. ಊರಾಚೆ ಅಂದರೇನು ಅಂತ ಕೇರಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ರೋಗಕ್ಕೆ ಎಲ್ಲ ಧರ್ಮಗಳೂ ಪಾಪದ ಕಥೆ ಕಟ್ಟಿವೆ. ನಮ್ಮಲ್ಲಿ ಪೂರ್ವಜನ್ಮದ ಕರ್ಮ ಅಂದರು. ಬೈಬಲ್ಲಿನ ಯಾಜಕಕಾಂಡ ರೋಗಿಯನ್ನು ಪಾಳೆಯದ ಹೊರಗಿಡು ಅಂದಿತು. ಆದರೆ ಅದೇ 13 ಮತ್ತು 14ನೇ ಅಧ್ಯಾಯಗಳಲ್ಲಿ ಈ 'ಕುಷ್ಠ' ಬಟ್ಟೆಗೂ ಮನೆ ಗೋಡೆಗೂ ಹತ್ತುತ್ತದೆ! ಗೋಡೆಗೆ ಕುಷ್ಠ ಬರುತ್ತದೆಯೇ? ಅಲ್ಲಿ ಹೇಳಿದ್ದು ಇವತ್ತಿನ ಕುಷ್ಠವಲ್ಲ, ಬೂಷ್ಟು, ಚರ್ಮದ ಕಲೆ ಎಲ್ಲ ಸೇರಿದ ಒಂದು ಅಶುದ್ಧಿ ಅಂತ ವಿದ್ವಾಂಸರು ಹೇಳುತ್ತಾರೆ. ಒಂದು ಪದ ತಪ್ಪು ರೋಗದ ಮೇಲೆ ಕೂತು ಲಕ್ಷಾಂತರ ಜನರ ಬಾಳು ಸುಟ್ಟಿತು. ಆ ರೋಗಿಯನ್ನು ಕೈಚಾಚಿ ಮುಟ್ಟಿದ ಯೇಸುವಿನ ಕಥೆಯೂ ಅದೇ ಬೈಬಲ್ಲಿನಲ್ಲಿದೆ ಎಂಬುದನ್ನು ಮರೆಯಬಾರದು.

ವಿಜ್ಞಾನ ಹೇಳುವುದೇ ಬೇರೆ. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಈ ರೋಗದ ಸೂಕ್ಷ್ಮಾಣುವನ್ನು ಕಂಡ. ಪಾಪವಲ್ಲ, ಒಂದು ಹುಳ. 2009ರಲ್ಲಿ ರಾಜಸ್ಥಾನದ ಬಾಲಾಥಲ್‌ನಲ್ಲಿ ಸಿಕ್ಕ ಸುಮಾರು 4,000 ವರ್ಷ ಹಳೆಯ ಅಸ್ಥಿಪಂಜರದಲ್ಲಿ ಕುಷ್ಠದ ಗುರುತು ಇದೆ ಅಂತ ಪ್ರಕಟವಾಯಿತು. ಅದೇ ವರ್ಷ, ಜೆರುಸಲೇಮಿನ ಒಂದನೇ ಶತಮಾನದ ಗೋರಿಯೊಂದರಲ್ಲಿ ಇದ್ದವನ ಎಲುಬಿನಲ್ಲಿ ಈ ಸೂಕ್ಷ್ಮಾಣುವಿನ ಡಿಎನ್‌ಎ ಸಿಕ್ಕಿತು. ಅದು ಬಡವನ ಗೋರಿಯಲ್ಲ. ರೋಗಕ್ಕೆ ಜಾತಿಯಿಲ್ಲ, ಅಂತಸ್ತಿಲ್ಲ.

ಕಾನೂನಿಗೆ ಇತ್ತು. ಬ್ರಿಟಿಷರ 1898ರ ಕುಷ್ಠರೋಗಿಗಳ ಕಾಯ್ದೆ ಹಿಡಿದು ಕೂಡಿಹಾಕಿದ್ದು ದಿಕ್ಕಿಲ್ಲದ ಬಡ ರೋಗಿಯನ್ನು. ಉಳ್ಳವನು ಮನೆಯಲ್ಲೇ ಇರಬಹುದಿತ್ತು. ಈ ಕಾಯ್ದೆ ಕಿತ್ತುಹೋಗಲು 2016 ಬರಬೇಕಾಯಿತು. ಒಡಿಶಾದಲ್ಲಿ ಗೆದ್ದ ಪುರಸಭಾ ಸದಸ್ಯನೊಬ್ಬನನ್ನು ಕುಷ್ಠದ ಕಾರಣಕ್ಕೆ ಅನರ್ಹ ಮಾಡಿದ್ದನ್ನು ಸುಪ್ರೀಂ ಕೋರ್ಟು 2008ರಲ್ಲಿ ಎತ್ತಿಹಿಡಿಯಿತು. ಗಂಡ ಹೆಂಡತಿ ಬಿಡಲು ಕುಷ್ಠವೂ ಒಂದು ನೆಪವಾಗಿ ಹಿಂದೂ, ಮುಸ್ಲಿಂ, ಕ್ರೈಸ್ತ ವಿವಾಹ ಕಾನೂನುಗಳಲ್ಲಿ ಉಳಿದಿತ್ತು. ಅದು ಹೋದದ್ದು 2019ರಲ್ಲಿ. ಹೊರಗಿಡುವುದರಲ್ಲಿ ಮಾತ್ರ ಮೂರು ಧರ್ಮಕ್ಕೂ ಎಂಥ ಒಗ್ಗಟ್ಟು ನೋಡಿ!

ಮದ್ದು 1980ರ ದಶಕದಿಂದಲೇ ಇದೆ. ಹಲವು ಔಷಧ ಸೇರಿಸಿ ಆರು ತಿಂಗಳು, ಇಲ್ಲವೇ ಒಂದು ವರ್ಷ ಕೊಟ್ಟರೆ ವಾಸಿ. ಸರ್ಕಾರ ಪುಕ್ಕಟೆ ಕೊಡುತ್ತದೆ. ಬೆರಳು ಉದುರುವುದೂ ರೋಗ ತಿಂದುಹಾಕಿ ಅಲ್ಲ. ನರ ಸತ್ತು ಸ್ಪರ್ಶ ಹೋಗಿ, ಸುಟ್ಟರೂ ಕೊಯ್ದರೂ ತಿಳಿಯದೆ ಆಗುವ ಗಾಯ ಅದು. ವೆಲ್ಲೂರಿನ ಕ್ರೈಸ್ತ ವೈದ್ಯ ಕಾಲೇಜಿನಲ್ಲಿ ಪಾಲ್ ಬ್ರ್ಯಾಂಡ್ ಇದನ್ನು ತೋರಿಸಿಕೊಟ್ಟರು, ಮಡಚಿದ ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸಿದರು. ಪವರ್ ಪ್ರೆಸ್ಸಿಗೆ ಬೆರಳು ಕೊಟ್ಟ ಕಾರ್ಮಿಕನಿಗೆ ಪಾಪಿ ಅಂತ ಯಾರೂ ಅನ್ನಲ್ಲ. ಇವನಿಗೆ ಯಾಕೆ ಅನ್ನಬೇಕು?

2005ರ ಕೊನೆಗೆ ಸರ್ಕಾರ ಕುಷ್ಠ 'ನಿರ್ಮೂಲನೆ' ಆಯಿತು ಅಂದಿತು. ಅಂದರೆ 10,000 ಜನಕ್ಕೆ ಒಬ್ಬರಿಗಿಂತ ಕಡಿಮೆ ರೋಗಿ, ಅಷ್ಟೆ. ಪ್ರಪಂಚದ ಹೊಸ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಜನ ಇವತ್ತಿಗೂ ಭಾರತದವರೇ.

ಹಳ್ಳಿಯ ಮೇಷ್ಟ್ರುಗಳೇ, ಮಗುವಿನ ಮೈಮೇಲೆ ಸ್ಪರ್ಶವಿಲ್ಲದ ತಿಳಿ ಮಚ್ಚೆ ಕಂಡರೆ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಹಿಂದಿನ ಬೆಂಚಿಗೆ ಕಳಿಸಬೇಡಿ. ಹುಳ ಸಾಯಿಸಲು ಒಂದು ವರ್ಷ ಸಾಕು. ಮುಟ್ಟಬೇಡ ಅನ್ನುವ ಮನಸ್ಸಿಗೆ ಗುಳಿಗೆ ಇಲ್ಲ. ಅದಕ್ಕೆ ಹೋರಾಟವೇ ಮದ್ದು.