ಒಡೆಯನಿಲ್ಲದ ಕೋಡ್‌ಗೆ ಮರುಜೀವ: ಅಪಾಚೆ ವೆಬ್ ಸರ್ವರ್

ಓಪನ್ ಸೋರ್ಸ್ ತಂತ್ರಾಂಶಗಳು ಮೂಲೆ ಸೇರುವುದು ಕೋಡ್ ಕೆಟ್ಟಿತೆಂದಲ್ಲ; ಬಹುಪಾಲು ಅದನ್ನು ನೋಡಿಕೊಳ್ಳುತ್ತಿದ್ದವರು ಬೇರೆ ಕೆಲಸ ಹಿಡಿದರೆಂದು. ಬಳಸುವವರು ಬಳಸುತ್ತಲೇ ಇರುತ್ತಾರೆ. ದೋಷದ ವರದಿಗಳು, ತಿದ್ದುಪಡಿಗಳು ಬರುತ್ತಲೇ ಇರುತ್ತವೆ. ಅವನ್ನು ಪರೀಕ್ಷಿಸಿ ಒಳಗೆ ಸೇರಿಸುವವರು ಇರುವುದಿಲ್ಲ, ಅಷ್ಟೆ. ಈ ಸ್ಥಿತಿಯಿಂದ ಎದ್ದು ಬಂದ ತಂತ್ರಾಂಶಗಳ ಪೈಕಿ ಅಪಾಚೆ ದೊಡ್ಡ ಹೆಸರು.

ಅನಾಥವಾದ ಬಗೆ

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಎಂಬ ಸೂಪರ್‌ಕಂಪ್ಯೂಟಿಂಗ್ ಕೇಂದ್ರದಲ್ಲಿ ರಾಬ್ ಮೆಕೂಲ್ ಬರೆದ ಎಚ್‌ಟಿಟಿಪಿಡಿ, 1995ರ ಆರಂಭದಲ್ಲಿ ಅತಿ ಹೆಚ್ಚು ಬಳಕೆಯಲ್ಲಿದ್ದ ವೆಬ್ ಸರ್ವರ್. ಆದರೆ ಮೆಕೂಲ್ 1994ರ ಮಧ್ಯಭಾಗದಲ್ಲೇ ಕೇಂದ್ರ ಬಿಟ್ಟಿದ್ದರು, ಕೆಲಸ ನಿಂತಿತ್ತು. ವೆಬ್‌ಸೈಟ್ ನಡೆಸುವವರು ತಂತಮ್ಮ ತೊಂದರೆಗೆ ತಾವೇ ಪ್ಯಾಚ್ (ತಿದ್ದುಪಡಿ) ಬರೆದುಕೊಳ್ಳುತ್ತಿದ್ದರು. ಒಬ್ಬರು ಸರಿಪಡಿಸಿದ್ದು ಇನ್ನೊಬ್ಬರಿಗೆ ತಲುಪುವ ದಾರಿ ಇರಲಿಲ್ಲ.

ಪ್ಯಾಚ್‌ಗಳು ಒಂದೆಡೆ ಸೇರಿದ್ದು

1995ರ ಫೆಬ್ರವರಿಯಲ್ಲಿ ಬ್ರಯಾನ್ ಬೆಹ್ಲೆಂಡಾರ್ಫ್ ಮತ್ತು ಕ್ಲಿಫ್ ಸ್ಕಾಲ್ನಿಕ್ ಹೀಗೆ ಪ್ಯಾಚ್ ಬರೆಯುತ್ತಿದ್ದವರನ್ನು ಇ-ಮೇಲ್ ಮೂಲಕ ಒಗ್ಗೂಡಿಸಿದರು. ಎಲ್ಲರೂ ಲಾಗಿನ್ ಆಗಬಹುದಾದ ಒಂದು ಯಂತ್ರವನ್ನು ಕ್ಯಾಲಿಫೋರ್ನಿಯಾದಲ್ಲಿ ಇಟ್ಟರು. ಡಿಸ್ಕ್ ಜಾಗ, ಸಂಪರ್ಕ ಕೊಟ್ಟದ್ದು ಹಾಟ್‌ವೈರ್ಡ್ ಸಂಸ್ಥೆ. ಎಂಟು ಜನರ ಮೂಲ ತಂಡ ಎನ್‌ಸಿಎಸ್‌ಎ 1.3 ಆವೃತ್ತಿಯ ಮೇಲೆ ತಿದ್ದುಪಡಿಗಳನ್ನು ಕೂಡಿಸಿ, ತಮ್ಮ ಸರ್ವರ್‌ಗಳಲ್ಲೇ ಪರೀಕ್ಷಿಸಿ, ಏಪ್ರಿಲ್‌ನಲ್ಲಿ ಅಪಾಚೆಯ 0.6.2 ಆವೃತ್ತಿಯನ್ನು ಹೊರತಂದಿತು. ಎನ್‌ಸಿಎಸ್‌ಎಯಲ್ಲಿ ಹಳೆಯ ಸರ್ವರ್‌ನ ಕೆಲಸ ಮತ್ತೆ ಶುರುವಾದಾಗ ಅಲ್ಲಿನ ಇಬ್ಬರನ್ನು ಗೌರವ ಸದಸ್ಯರಾಗಿ ಸೇರಿಸಿಕೊಂಡರು. ಹಳಬರನ್ನು ದೂರವಿಡದ ಈ ಜಾಣತನ ಗಮನಿಸಬೇಕಾದದ್ದು.

ತೇಪೆ ಹಾಕುತ್ತಲೇ ಹೋದರೆ ಸಾಲದೆಂದು ಬೇಗ ಗೊತ್ತಾಯಿತು. ತಂಡದ ರಾಬರ್ಟ್ ಥೌ ಒಳರಚನೆಯನ್ನೇ ಹೊಸದಾಗಿ ಬರೆದರು. ‘ಶಂಭಾಲ’ ಎಂಬ ಆ ವಿನ್ಯಾಸದಲ್ಲಿ ಸರ್ವರ್ ಮಾಡ್ಯೂಲ್‌ಗಳಾಗಿ ಬಿಡಿಬಿಡಿಯಾಯಿತು. ಹೊಸಬರ ಪಾಲಿಗೆ ಇದೇ ಹೆಬ್ಬಾಗಿಲು: ಇಡೀ ಕೋಡ್ ಅರಗಿಸಿಕೊಳ್ಳದೆಯೇ ತಮಗೆ ಬೇಕಾದ ಒಂದು ಮಾಡ್ಯೂಲನ್ನು ಬರೆಯಬಹುದಿತ್ತು. 1995ರ ಡಿಸೆಂಬರ್ 1ರಂದು 1.0 ಆವೃತ್ತಿ ಬಂತು. ಮರುವರ್ಷ ಬಳಕೆಯಲ್ಲಿ ಅಪಾಚೆ ತನ್ನ ಮೂಲವಾದ ಎನ್‌ಸಿಎಸ್‌ಎ ಸರ್ವರನ್ನು ಹಿಂದೆ ಹಾಕಿತು.

ಕೀಲಿಕೈ ಯಾರ ಕೈಗೆ?

ನಾಯಕನಿಲ್ಲದ ತಂಡಕ್ಕೆ ತೀರ್ಮಾನ ಮಾಡುವ ಒಂದು ಕ್ರಮ ಬೇಕಿತ್ತು. ಒಪ್ಪಿಗೆಗೆ +1, ವಿರೋಧಕ್ಕೆ -1 ಎಂದು ಇ-ಮೇಲ್‌ನಲ್ಲೇ ಮತ ಹಾಕಿದರು. ಒಂದೇ ಒಂದು -1 ಬಂದರೂ ಬದಲಾವಣೆ ನಿಲ್ಲುತ್ತದೆ. ಆದರೆ ಹಾಕಿದವರು ತಾಂತ್ರಿಕ ಕಾರಣ ಕೊಡಲೇಬೇಕು. ಸುಮ್ಮನೆ ಮೊಂಡು ಹಿಡಿಯುವಂತಿಲ್ಲ. ಒಳ್ಳೆಯ ಕೆಲಸ ಮಾಡುತ್ತ ಬಂದವರನ್ನು ತಂಡವೇ ಕರೆದು ಮತದ ಹಕ್ಕು ಕೊಡುತ್ತಿತ್ತು. 1999ರಲ್ಲಿ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಸ್ಥಾಪನೆಯಾಗಿ ಈ ಪದ್ಧತಿ ಬೇರೆ ಯೋಜನೆಗಳಿಗೂ ಹಬ್ಬಿತು.

ಸಮುದಾಯವೆಂದರೆ ಎಲ್ಲರೂ ಸಮನಾಗಿ ದುಡಿಯುವ ಗುಂಪೆಂದು ತಿಳಿಯಬೇಕಿಲ್ಲ. ಸಂಶೋಧಕರಾದ ಮೋಕಸ್, ಫೀಲ್ಡಿಂಗ್ ಮತ್ತು ಹರ್ಬ್ಸ್‌ಲೆಬ್ ಲೆಕ್ಕ ಹಾಕಿದಂತೆ ಅಪಾಚೆಗೆ ಕೋಡ್ ಬರೆದವರು ಸುಮಾರು 400 ಮಂದಿ. ಅವರಲ್ಲಿ 15 ಜನರೇ ಶೇ. 80ಕ್ಕೂ ಹೆಚ್ಚು ಬದಲಾವಣೆ ಮಾಡಿದ್ದರು. ದೋಷ ವರದಿ ಮಾಡಿದವರು ಮಾತ್ರ 3,000ಕ್ಕೂ ಅಧಿಕ. ಆ ಹದಿನೈದು ಮಂದಿಯನ್ನು ಹುಡುಕಿ ಉಳಿಸಿಕೊಳ್ಳುವುದೇ ಪುನರುಜ್ಜೀವನದ ನಿಜವಾದ ಕೆಲಸ ಎನ್ನಬೇಕು.

ಕೀಲಿ ದಾಟಿಸುವ ಅಪಾಯ

ದಣಿದ ಒಬ್ಬರಿಂದ ಅಪರಿಚಿತರ ಕೈಗೆ ಕೀಲಿ ದಾಟಿದರೆ ಏನಾಗುತ್ತದೆಂದು 2024ರಲ್ಲಿ ಗೊತ್ತಾಯಿತು. ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶವನ್ನು ಬಹುಕಾಲ ಒಬ್ಬರೇ ನಿಭಾಯಿಸುತ್ತಿದ್ದರು. ‘ಜಿಯಾ ಟಾನ್’ ಎಂಬ ಹೆಸರಿನವರು ಎರಡು ವರ್ಷಕ್ಕೂ ಮಿಕ್ಕಿ ನೆರವಾಗುತ್ತ ನಂಬಿಕೆ ಗಳಿಸಿ, ಕೊನೆಗೆ 5.6.0 ಆವೃತ್ತಿಯಲ್ಲಿ ಹಿಂಬಾಗಿಲು ಇಟ್ಟರು. ದೂರದ ಯಂತ್ರಕ್ಕೆ ಪ್ರವೇಶ ಕೊಡುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿರುವುದೇಕೆಂದು ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಬೆನ್ನುಹತ್ತದಿದ್ದರೆ ಆ ಹಿಂಬಾಗಿಲು ಅಸಂಖ್ಯ ಸರ್ವರ್‌ಗಳಿಗೆ ಹೊಕ್ಕಿರುತ್ತಿತ್ತು.

ಮುಚ್ಚುವುದೂ ಒಂದು ದಾರಿ

ಬಳಸುವವರೇ ಇಲ್ಲದ ಯೋಜನೆಯನ್ನು ಎಬ್ಬಿಸುವುದು ವ್ಯರ್ಥ. ಅಪಾಚೆ ಫೌಂಡೇಶನ್ ನಿಂತುಹೋದ ಯೋಜನೆಗಳಿಗಾಗಿ 2008ರಲ್ಲಿ ‘ಅಟಿಕ್’ ಎಂಬ ವ್ಯವಸ್ಥೆ ಮಾಡಿದೆ. ಅಲ್ಲಿ ಕೋಡ್ ಓದಲು ಸಿಗುತ್ತದೆ, ಬದಲಾವಣೆ ನಡೆಯುವುದಿಲ್ಲ. ಬೇಕಾದವರು ಅದನ್ನು ಎತ್ತಿಕೊಂಡು ಬೇರೆ ಹೆಸರಿನಲ್ಲಿ ಮುಂದುವರಿಸಲು ಯಾರ ಅಪ್ಪಣೆಯೂ ಬೇಕಿಲ್ಲ.