ನಾಯಿಮರಿಯ ಗುಣಪರೀಕ್ಷೆ

ಹೊಸನಗರ ತಾಲ್ಲೂಕಿನ ನನ್ನ ತವರುಮನೆಯಲ್ಲಿ ನಾಯಿಮರಿ ಆರಿಸುವ ಕೆಲಸ ಅಮ್ಮಮ್ಮನದು. ಮರಿಗಳ ಹೆಡಕು ಹಿಡಿದು ಒಂದೊಂದಾಗಿ ಮೇಲೆತ್ತುತ್ತಿದ್ದಳು. ಸುಮ್ಮನೆ ಜೋತಾಡಿದ್ದು ಕಾವಲಿಗೆ ಆಗುತ್ತದೆ, ಕುಂಯ್‌ಗುಟ್ಟಿದ್ದು ಪುಕ್ಕಲು. ಆಮೇಲೆ ಬಾಯಿ ಬಿಡಿಸಿ ನೋಡುವುದು, ಉಗುರು ಎಣಿಸುವುದು. ಅರ್ಧ ನಿಮಿಷದಲ್ಲಿ ತೀರ್ಮಾನ.

ನಮ್ಮ ಕಡೆ ನಾಯಿ ಸಾಕುವುದು ಬರೀ ಮುದ್ದಿಗಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಒಂಟಿಮನೆಗಳಲ್ಲಿ ಅದು ಹಗಲು ತೋಟದ ಮಂಗ ಓಡಿಸಬೇಕು, ರಾತ್ರಿ ಹಂದಿ ಬಂದರೆ ಕೂಗಿ ಹೇಳಬೇಕು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಿದವರು ಗುತ್ತಿಯ ಹುಲಿಯನನ್ನು ಮರೆಯಲಾರರು. ಅಂಥ ನಾಯಿ ಸಿಗಲೆಂದೇ ಅಮ್ಮಮ್ಮನ ಪರೀಕ್ಷೆ.

ಒಂದು ವರ್ಷ ಪರೀಕ್ಷೆಯಲ್ಲಿ ಅತ್ತ ಮರಿಯೇ ನಮಗೆ ಉಳಿಯಿತು. ಕರಿಯ ಎಂದು ಹೆಸರಿಟ್ಟೆವು. ಹೇಗೂ ಆಗದ ನಾಯಿ ಎಂದು ಕೊಟ್ಟಿಗೆಯ ಕಂಬಕ್ಕೆ ಕಟ್ಟಿದರು. ದೊಡ್ಡದಾದ ಮೇಲೆ ಅದು ಬಂದವರಿಗೆಲ್ಲ ಹಾರುತ್ತಿತ್ತು. ಒಮ್ಮೆ ಕೊನೆಕೊಯ್ಲಿಗೆ ಬಂದಿದ್ದ ಆಳಿನ ಕಾಲಿಗೆ ಬಾಯಿ ಹಾಕಿತು. “ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ನಾನು ಅವತ್ತೇ ಹೇಳಿರಲಿಲ್ಲವೇನೇ?” ಎಂದಳು ಅಮ್ಮಮ್ಮ. ನಾನೂ ನಂಬಿದೆ.

ನಾಯಿಯ ಗುಣ ಅಳೆಯುವ ಆಸೆ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949-50ರ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರ ಎಂಬ ವೀರ, ಮೆಚ್ಚಿದ ಅರಸನಿಂದ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದ. ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಹೋರಾಡಿ ಸತ್ತವು. ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಆಗ ನಾಯಿಯ ಗುಣ ತಿಳಿಯುತ್ತಿದ್ದದ್ದು ಹೀಗೆ, ಕೆಲಸ ಮಾಡಿ ತೋರಿಸಿದ ಮೇಲೆ.

ಮೊದಲೇ ತಿಳಿಯಬೇಕೆಂಬ ಪ್ರಯತ್ನ ಕಳೆದ ಶತಮಾನದ್ದು. 1904ರಲ್ಲಿ ನೊಬೆಲ್ ಪಡೆದ ರಷ್ಯದ ಪಾವ್ಲೋವ್, ನಾಯಿಯ ಕೆನ್ನೆಗೆ ನಳಿಗೆ ಇಟ್ಟು ಜೊಲ್ಲಿನ ಹನಿ ಎಣಿಸಿದ. ಒಂದೇ ಪ್ರಯೋಗಕ್ಕೆ ಬೇರೆ ಬೇರೆ ನಾಯಿಗಳು ಬೇರೆ ಬೇರೆ ಥರ ನಡೆದುಕೊಂಡದ್ದನ್ನು ಕಂಡು, ಅವುಗಳ ಸ್ವಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕುರುಡರಿಗೆ ದಾರಿ ತೋರುವ ನಾಯಿಗಳನ್ನು ತಯಾರಿಸುವ ಸಂಸ್ಥೆಯೊಂದಿದೆ. ಅಲ್ಲಿ 1940ರ ದಶಕದಲ್ಲಿ ಕ್ಲಾರೆನ್ಸ್ ಫಾಫನ್‌ಬರ್ಗರ್ ಎಂಬಾತ ಮರಿಗಳಿಗೆ ಎಂಟನೇ ವಾರದಿಂದ ಹನ್ನೆರಡನೇ ವಾರದವರೆಗೆ ವಾರಕ್ಕೊಮ್ಮೆ ಪರೀಕ್ಷೆ ಇಟ್ಟ. ಪಾಸಾದ ಮರಿಗಳನ್ನು ಸಾಕಲು ಮನೆಗಳಿಗೆ ಕೊಡುತ್ತಿದ್ದರು. ಆದರೆ ಚೆನ್ನಾಗಿ ಪಾಸಾದ ಎಷ್ಟೋ ಮರಿಗಳು ಮುಂದೆ ಕೆಲಸಕ್ಕೆ ಬಾರದಾದವು. ಯಾಕೆಂದು ಲೆಕ್ಕ ತೆಗೆದಾಗ ಕಾರಣ ಸಿಕ್ಕಿತು. ಪರೀಕ್ಷೆ ಮುಗಿದ ವಾರದೊಳಗೆ ಮನೆ ಸೇರಿದವುಗಳಲ್ಲಿ ಶೇಕಡಾ 90ರಷ್ಟು ಒಳ್ಳೆಯ ದಾರಿಗಾರರಾದವು. ಮೂರು ವಾರಕ್ಕಿಂತ ಹೆಚ್ಚು ಗೂಡಿನಲ್ಲೇ ಉಳಿದವುಗಳಲ್ಲಿ ಶೇಕಡಾ 30ರಷ್ಟು ಮಾತ್ರ. ಈ ಲೆಕ್ಕ 1959ರಲ್ಲಿ ಪ್ರಕಟವಾಯಿತು.

ಈಗ ಯಂತ್ರಗಳು ಇನ್ನೂ ಒಳಗೆ ಇಣುಕುತ್ತವೆ. 2017ರಲ್ಲಿ ಅಟ್ಲಾಂಟಾದ ಗ್ರೆಗರಿ ಬರ್ನ್ಸ್ ಮತ್ತು ಸಂಗಡಿಗರು, ಅಂಗವಿಕಲರ ಸೇವೆಗೆ ತಯಾರಾಗುತ್ತಿದ್ದ 43 ನಾಯಿಗಳನ್ನು ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿ ನೋಡಿದರು. ಮತ್ತು ಬರಿಸದೆ, ಕಟ್ಟಿಹಾಕದೆ, ಎಚ್ಚರವಾಗಿ ಅಲುಗದೆ ಮಲಗುವುದನ್ನು ಅವಕ್ಕೆ ಕಲಿಸಿದ್ದರು. ಕೈಸನ್ನೆ ಕಂಡಾಗ ಮೆದುಳಿನಲ್ಲಿ ಉದ್ರೇಕಕ್ಕೆ ಸಂಬಂಧಿಸಿದ ಭಾಗ ಹೆಚ್ಚು ಚುರುಕಾದ ನಾಯಿಗಳು ಸೋಲುವ ಸಂಭವ ಹೆಚ್ಚು. ಹೊರಗೆ ಎರಡೂ ಶಾಂತವಾಗಿಯೇ ಕಾಣುತ್ತಿದ್ದವು! ಸೋಲುವ ನಾಯಿಯನ್ನು ಮೊದಲೇ ಗುರುತಿಸುವುದು ಶೇಕಡಾ 47ರಿಂದ 67ಕ್ಕೆ ಏರಿತು. ಒಂದು ವರ್ಷದ ನಂತರ ಜಾರ್ಜಿಯ ಟೆಕ್‌ನವರು, ಕಚ್ಚಿದ, ಎಳೆದ ಬಲವನ್ನು ಅಳೆಯುವ ಆಟಿಕೆಗಳನ್ನು ಮಾಡಿ ಅದೇ ಕೆಲಸಕ್ಕೆ ಹಚ್ಚಿದರು. ನಮ್ಮ ಮುಧೋಳದ ನಾಯಿಗಳೂ 2016ರಲ್ಲಿ ಮೀರತ್‌ನ ಸೈನ್ಯದ ಕೇಂದ್ರಕ್ಕೆ ತರಬೇತಿಗೆ ಹೋದವು.

ಈ ಯಂತ್ರಗಳ ಬಗ್ಗೆ ನನಗೆ ಅಸಡ್ಡೆಯಿಲ್ಲ. ಕುರುಡರೊಬ್ಬರು ನಾಯಿಯನ್ನು ನಂಬಿ ರಸ್ತೆ ದಾಟುವಾಗ ಅದರ ಗುಣ ಮೊದಲೇ ತಿಳಿದಿರಬೇಕು. ಆದರೆ ಶೇಕಡಾ 67 ಎಂದರೆ, ಇಷ್ಟೆಲ್ಲ ಇಣುಕಿದ ಮೇಲೂ ಮೂರರಲ್ಲಿ ಒಂದು ತಪ್ಪಿಸಿಕೊಳ್ಳುತ್ತದೆ. ಹೆಣ್ಣು ನೋಡಲು ಬಂದವರು ಒಂದು ಹಾಡು ಹಾಡಿಸಿ, ನಾಲ್ಕು ಹೆಜ್ಜೆ ನಡೆಸಿ ಗುಣ ಹೇಳುತ್ತಿದ್ದದ್ದನ್ನು ಕಂಡ ನಮಗೆ ಇದು ಆಶ್ಚರ್ಯವಲ್ಲ.

ನನ್ನ ಮನಸ್ಸಿನಲ್ಲಿ ನಿಂತದ್ದು ಫಾಫನ್‌ಬರ್ಗರನ ಲೆಕ್ಕ. ಪಾಸಾದ ಮರಿಯೂ ಮೂರು ವಾರ ಗೂಡಿನಲ್ಲಿದ್ದರೆ ಕೆಡುತ್ತದೆ. ನಮ್ಮ ಕರಿಯ ಕೊಟ್ಟಿಗೆಯ ಕಂಬಕ್ಕೆ ಒಂಬತ್ತು ವರ್ಷ ಕಟ್ಟಿಸಿಕೊಂಡಿದ್ದ. ಕೊನೆಗೆ ಅವನ ಕುತ್ತಿಗೆಯಲ್ಲಿ ಸರಪಳಿ ಉಜ್ಜಿ ರೋಮವೇ ಇರಲಿಲ್ಲ. ಅನ್ನ ಹಾಕಲು ನಾನೇ ಹೋಗುತ್ತಿದ್ದೆ. ನನಗೆ ಅವನು ಒಂದು ದಿನವೂ ಗುರುಗುಟ್ಟಲಿಲ್ಲ. ಅದನ್ನು ಅವತ್ತು ಯಾರೂ ಪರೀಕ್ಷೆಯೆಂದು ಎಣಿಸಲಿಲ್ಲ, ನಾನೂ ಎಣಿಸಲಿಲ್ಲ.