ಪಾಠ ಟಿಪ್ಪಣಿಯ ಕೊನೆಯ ಕಲಂ: ಹೊಸ ಶಿಕ್ಷಕರ ಆತ್ಮಾವಲೋಕನ ಕುರಿತು

ತನ್ನ ಬೋಧನೆಯನ್ನು ಶಿಕ್ಷಕ ತಾನೇ ಪರಿಶೀಲಿಸಿಕೊಳ್ಳಬೇಕೆಂಬ ವಿಚಾರ ಹೊಸದಲ್ಲ. ಜಾನ್ ಡ್ಯೂಯಿ ಅವರ ‘ಹೌ ವಿ ಥಿಂಕ್’ (1910) ಕೃತಿಯಲ್ಲಿ ಅದರ ಬೇರಿದೆ. 1983ರಲ್ಲಿ ಡೊನಾಲ್ಡ್ ಶೋನ್, ಕೆಲಸದ ನಡುವಿನ ಚಿಂತನೆಯನ್ನೂ ಕೆಲಸ ಮುಗಿದ ಮೇಲಿನ ಚಿಂತನೆಯನ್ನೂ ಬೇರೆ ಬೇರೆಯಾಗಿ ಗುರುತಿಸಿದರು. ನಮ್ಮಲ್ಲಿ 2009ರ ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಇದಕ್ಕೆ ಮನ್ನಣೆ ಕೊಟ್ಟಿತು. ಆದರೂ ನೌಕರಿಯ ಮೊದಲ ವರ್ಷಗಳಲ್ಲಿ ಈ ಅಭ್ಯಾಸ ನೆಲೆಯೂರುವುದು ಅಪರೂಪ. ಹೊಸಬರ ಆತ್ಮಾವಲೋಕನವನ್ನು ತಪಾಸಣೆಯ ಕಡತಕ್ಕೆ ಸೇರಿಸಿದ್ದೇ ಇದಕ್ಕೆ ಮುಖ್ಯ ಕಾರಣವೆಂದು ನನ್ನ ವಾದ.

ಪಾಠ ಟಿಪ್ಪಣಿಗೆ ಮುಖ್ಯಶಿಕ್ಷಕರ ಸಹಿ ಬೀಳಬೇಕು, ಅಧಿಕಾರಿಗಳು ಬಂದಾಗ ತೋರಿಸಬೇಕು. ಹಾಗಾಗಿ ಅದರ ಕೊನೆಯ ಕಲಮಿನಲ್ಲಿ ‘ಮಕ್ಕಳು ಉತ್ಸಾಹದಿಂದ ಪಾಲ್ಗೊಂಡರು’ ಎಂಬಂಥ ವಾಕ್ಯ ಕೂರುತ್ತದೆ. ಪಾಠ ಮಾಡುವ ಮೊದಲೇ ಬರೆದಿಡಬಹುದಾದ ವಾಕ್ಯವದು. (ಬರೆದಿಡುವವರೂ ಇದ್ದಾರೆ.)

ದಶಕ ಸಹಿತ ವ್ಯವಕಲನವನ್ನೇ ನೋಡೋಣ. 52ರಲ್ಲಿ 27 ಕಳೆಯಲು ಹೇಳಿದರೆ ಹಲವು ಮಕ್ಕಳು 35 ಎಂದು ಬರೆಯುತ್ತಾರೆ. ‘ಕಳೆಯುವ ಲೆಕ್ಕ ಬರುವುದಿಲ್ಲ’ ಎಂದು ಷರಾ ಬರೆದರೆ ಮಾತು ಅಲ್ಲಿಗೇ ಮುಗಿಯಿತು. ಉತ್ತರ ಬಂದ ದಾರಿಯನ್ನು ಬರೆದಿಟ್ಟರೆ ಬೇರೆಯೇ ಸಂಗತಿ ಕಾಣುತ್ತದೆ: 2ರಲ್ಲಿ 7 ಹೋಗದೆಂದು ಮಗು 7ರಲ್ಲಿ 2 ಕಳೆದಿದೆ. ದೊಡ್ಡದರಿಂದ ಚಿಕ್ಕದನ್ನು ಕಳೆಯುವ ಈ ನಿಯಮ ದಶಕ ರಹಿತ ಲೆಕ್ಕಗಳಲ್ಲಿ ಪ್ರತಿ ಸಲವೂ ಸರಿಯುತ್ತರ ಕೊಟ್ಟಿತ್ತು. ಅದನ್ನು ಬಾಯಿಬಿಟ್ಟು ಹೇಳಿಕೊಟ್ಟವರು ಶಿಕ್ಷಕರೇ ಇರಬಹುದು. ಇಷ್ಟು ತಿಳಿದರೆ ಮರುದಿನದ ಕೆಲಸ ಸ್ಪಷ್ಟ: ಹತ್ತರ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು, ಒಂದು ಕಟ್ಟನ್ನು ಮಗುವಿನ ಕೈಯಲ್ಲೇ ಬಿಚ್ಚಿಸುವುದು. ತಪಾಸಣೆಯ ಭಯವಿರುವ ಪುಸ್ತಕದಲ್ಲಿ ಇಂಥ ಟಿಪ್ಪಣಿ ಹುಟ್ಟುವುದು ಕಷ್ಟ. ಸೋತದ್ದನ್ನು ಬರೆದು ಯಾರು ನೋಟಿಸು ತರಿಸಿಕೊಳ್ಳುತ್ತಾರೆ?

ಇದು ಒಬ್ಬರೇ ಕೂತು ಮಾಡುವ ಕೆಲಸವೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಆರಂಭವಾದಾಗ ಸರ್ಕಾರಿ ಶಾಲೆಯ ಶಿಕ್ಷಕರು ಋಷಿವ್ಯಾಲಿಯ ಪ್ರಯೋಗವನ್ನು ಕಣ್ಣಾರೆ ಕಂಡು ಬಂದು, ಕಲಿಕಾ ಕಾರ್ಡುಗಳನ್ನು ಒಟ್ಟಾಗಿ ಕೂತು ರೂಪಿಸಿದ್ದರು. ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರಿಂದ ವರ್ಷಕ್ಕೆ 50 ಗಂಟೆಗಳ ವೃತ್ತಿಪರ ಬೆಳವಣಿಗೆಯನ್ನು ನಿರೀಕ್ಷಿಸುತ್ತದೆ. ಗಂಟೆ ಎಣಿಸುವುದು ಸುಲಭ. ಆ ಗಂಟೆಗಳಲ್ಲಿ ಮಕ್ಕಳ ನೋಟ್‌ಬುಕ್ಕು ಮೇಜಿನ ಮೇಲೆ ಬಂತೇ ಎಂದು ಕೇಳಬೇಕು.

ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುವುದಕ್ಕೂ ಮೊದಲು ಅರ್ಧ ಗಂಟೆಯನ್ನು ಇದಕ್ಕೆ ಮೀಸಲಿಡಲಿ. ಹೊಸ ಶಿಕ್ಷಕರು ಒಂದೊಂದು ತಪ್ಪುತ್ತರ ತರಲಿ, ಹಿರಿಯರೂ ತರಲಿ. ಆ ಟಿಪ್ಪಣಿಗೆ ಯಾರ ಸಹಿಯೂ ಬೇಡ.